ನಿಷೇಧದ ಆದೇಶದಲ್ಲಿ ಇಲ್ಲದ ಹೆಸರುಗಳು

ಕೋಣನಕುಂಟೆ ಕ್ರಾಸ್‌ನಲ್ಲಿ ಈಗ ಮೆಟ್ರೊ ನಿಲ್ಲುತ್ತದೆ. 1991ರಲ್ಲಿ ಅದು ಬೆಂಗಳೂರಿನ ಹೊರಗಿನ ಊರು. ಕನಕಪುರ ರಸ್ತೆಯ ಆಚೀಚೆ ಹೊಲ, ತೋಟ, ನಡುನಡುವೆ ಹೊಸದಾಗಿ ಎದ್ದ ಬಿಡಿ ಮನೆಗಳು. ಆಗ ಕಾಲೇಜಿನಲ್ಲಿದ್ದ ನಾನು ಗೆಳೆಯನೊಬ್ಬನ ಜೊತೆ ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋಗಿದ್ದೆ. ರಾಜೀವ್ ಗಾಂಧಿ ಹತ್ಯೆಯ ಆರೋಪಿಗಳು ಅಡಗಿದ್ದ ಮನೆಯನ್ನು ಒಂದೂವರೆ ದಿನ ಸುತ್ತುವರಿದು ಕಾದಿದ್ದ ಕಮಾಂಡೊಗಳು ಆಗಸ್ಟ್ 20ರ ಬೆಳಿಗ್ಗೆ ಒಳನುಗ್ಗುವಷ್ಟರಲ್ಲಿ ಅಲ್ಲಿದ್ದ ಏಳು ಮಂದಿಯೂ ಸತ್ತಿದ್ದರು. ಶಿವರಸನ್ ಗುಂಡು ಹೊಡೆದುಕೊಂಡಿದ್ದ, ಶುಭಾ ಮತ್ತು ಉಳಿದವರು ಸೈನೈಡ್ ನುಂಗಿದ್ದರು. ಅದು ರಾಜೀವ್ ಗಾಂಧಿಯವರ ಹುಟ್ಟಿದ ದಿನ. ನಾವು ಹೋದಾಗ ಹೆಣಗಳಿರಲಿಲ್ಲ, ಹಗ್ಗ ಕಟ್ಟಿದ್ದರು, ಪೊಲೀಸರಿದ್ದರು, ಜಾತ್ರೆಯಂಥ ಜನ ಇದ್ದರು. ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ ಊರಿನ ಹಿರಿಯರೊಬ್ಬರು ಯಾರಿಗೆಂದಿಲ್ಲದೆ ಹೇಳುತ್ತಿದ್ದರು: ‘ಎಲ್ಲಿಂದಲೋ ಬಂದು ಇಲ್ಲಿ ಸತ್ರು. ಇನ್ಮೇಲೆ ನಮ್ಮೂರಿನ ಹೆಸರು ಹೇಳಿದ್ರೆ ಜನ ಇದನ್ನೇ ಕೇಳ್ತಾರೆ.’

ಅವರ ಮಾತು ಸುಳ್ಳಾಗಲಿಲ್ಲ. 2006ರಲ್ಲಿ ಎ.ಎಂ.ಆರ್. ರಮೇಶ್ ನಿರ್ದೇಶಿಸಿದ ‘ಸೈನೈಡ್’ ಚಿತ್ರ ಬಂದಾಗಲೂ ಕೋಣನಕುಂಟೆ ಎಂದರೆ ಅದೇ ಮನೆ. ಹೆಸರು ಅಂಟುವುದು ಎಷ್ಟು ಸುಲಭ, ಕಿತ್ತುಹಾಕುವುದು ಎಷ್ಟು ಕಷ್ಟ ಎಂಬುದು ಅಂದು ನನಗೆ ಹೊಳೆದಿರಲಿಲ್ಲ. ಮುಂದೆ ಲಿಬರೇಷನ್ ಟೈಗರ್ಸ್ ಆಫ್ ತಮಿಳ್ ಈಳಂ (ಎಲ್‌ಟಿಟಿಇ) ಎಂಬ ಸಂಘಟನೆಯ ಮೇಲೆ ಭಾರತ ಸರ್ಕಾರ ಹೊರಡಿಸಿದ ನಿಷೇಧದ ಅಧಿಸೂಚನೆಯನ್ನೂ, ಅದು ಮತ್ತೆ ಮತ್ತೆ ನವೀಕರಣವಾದಾಗಿನ ಪಠ್ಯಗಳನ್ನೂ ಓದುತ್ತ ಬಂದಾಗ ಆ ಹಿರಿಯರ ಮಾತು ನೆನಪಾಗುತ್ತಲೇ ಇತ್ತು. ವಿದೇಶದ ಒಂದು ಶಸ್ತ್ರಸಜ್ಜಿತ ಗುಂಪಿಗೆ ಸರ್ಕಾರವೊಂದು ಭಯೋತ್ಪಾದಕ ಎಂಬ ಹಣೆಪಟ್ಟಿ ಹಚ್ಚುವುದನ್ನು ನಾವು ಸುದ್ದಿಯಾಗಿ ಓದಿ ಮರೆಯುತ್ತೇವೆ. ಅದನ್ನು ಒಂದು ಕೃತಿಯಂತೆ ಕೂತು ಓದಬೇಕು ಎಂಬುದು ನನ್ನ ಹಟ. ಅದಕ್ಕೂ ಒಬ್ಬ ಕರ್ತೃ ಇದ್ದಾನೆ, ಹೇಳಿದ್ದಿದೆ, ಹೇಳದೆ ಬಿಟ್ಟದ್ದಿದೆ, ಅದು ಮುಟ್ಟಿದ ಜನ ಇದ್ದಾರೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಮುಂದಿನದನ್ನು ಯಾರೂ ತಪ್ಪು ತಿಳಿಯದಿರಲಿ. ಎಲ್‌ಟಿಟಿಇಗೆ ಆ ಹೆಸರು ಸಲ್ಲುತ್ತದೆ. 1990ರ ಆಗಸ್ಟ್ 3ರಂದು ಶ್ರೀಲಂಕಾದ ಪೂರ್ವ ಕರಾವಳಿಯ ಕಾತ್ತಾನ್‌ಕುಡಿಯಲ್ಲಿ ರಾತ್ರಿಯ ನಮಾಜಿಗೆ ಬಾಗಿದ್ದ ನೂರಕ್ಕೂ ಹೆಚ್ಚು ಜನರನ್ನು ಮಸೀದಿಗಳೊಳಗೇ ಗುಂಡಿಟ್ಟು ಕೊಂದವರು ಅವರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಉತ್ತರ ಪ್ರಾಂತ್ಯದ ಮುಸ್ಲಿಮರೆಲ್ಲರನ್ನೂ, ಎಪ್ಪತ್ತು ಸಾವಿರದಷ್ಟು ಮಂದಿಯನ್ನು, ಮನೆಮಠ ಬಿಡಿಸಿ ಓಡಿಸಿದರು. ಜಾಫ್ನಾದಲ್ಲಿ ಕೆಲವರ ಕೈಗೆ ಹೊರಡಲು ಸಿಕ್ಕದ್ದು ಎರಡು ಗಂಟೆ. ತಮಿಳು ಮಾತಾಡುವ ಜನ ಅವರು. ತಮಿಳರ ಬಿಡುಗಡೆಗೆಂದು ಬಂದೂಕು ಹಿಡಿದವರು ತಮಿಳು ಮಾತಾಡುವವರನ್ನೇ ಹೊರಹಾಕಿದರು. 1996ರ ಜನವರಿ 31ರಂದು ಕೊಲಂಬೊದ ಸೆಂಟ್ರಲ್ ಬ್ಯಾಂಕಿಗೆ ಸ್ಫೋಟಕ ತುಂಬಿದ ಲಾರಿ ನುಗ್ಗಿತು. ಸತ್ತವರು ಸುಮಾರು ತೊಂಬತ್ತು ಮಂದಿ, ಹೆಚ್ಚಿನವರು ಗುಮಾಸ್ತರು, ದಾರಿಹೋಕರು. ಸಂವಿಧಾನದ ಒಳಗೇ ತಮಿಳರಿಗೆ ಅಧಿಕಾರ ಹಂಚುವ ಕರಡು ಬರೆಯುತ್ತಿದ್ದ ನೀಲನ್ ತಿರುಚೆಲ್ವಂ ಅವರನ್ನು 1999ರಲ್ಲಿ ಆತ್ಮಹತ್ಯಾ ಬಾಂಬರ್ ಕೊಂದ. ಶಾಲೆಗೆ ಹೋಗುವ ಮಕ್ಕಳ ಕೊರಳಿಗೆ ಸೈನೈಡ್ ಕುಪ್ಪಿ ಕಟ್ಟಿದವರನ್ನು ಬೇರೆ ಯಾವ ಹೆಸರಿನಿಂದ ಕರೆಯುವುದು?

ಹಾಗಾದರೆ ನನ್ನ ತಕರಾರು ಏನು? ಇದರಲ್ಲಿ ಒಂದು ಸಾವೂ ನಮ್ಮ ಸರ್ಕಾರದ ಕೈಯಿಂದ ಆ ಹೆಸರು ಬರೆಸಲಿಲ್ಲ ಎಂಬುದು.

ದಿನಾಂಕಗಳನ್ನು ನೋಡಿ. 1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಮೇಲೆ ನಡೆದ ಹತ್ಯಾಕಾಂಡದ ಬಳಿಕ ಈ ಗುಂಪಿಗೂ ಇದರ ಎದುರಾಳಿ ತಮಿಳು ಗುಂಪುಗಳಿಗೂ ಭಾರತದ ನೆಲದಲ್ಲೇ ಶಸ್ತ್ರ ತರಬೇತಿ ಸಿಕ್ಕಿತು, ಭಾರತದ ಗುಪ್ತಚರ ಸಂಸ್ಥೆಯ ಕೈಯಿಂದಲೇ. 1987ರ ಜುಲೈ 29ರ ಭಾರತ–ಶ್ರೀಲಂಕಾ ಒಪ್ಪಂದದ ನಂತರ ಅಲ್ಲಿಗೆ ಹೋದ ಭಾರತದ ಶಾಂತಿಪಾಲನಾ ಪಡೆ ಆ ತರಬೇತಿ ಪಡೆದವರ ವಿರುದ್ಧವೇ ಹೋರಾಡಬೇಕಾಯಿತು. 1990ರ ಮಾರ್ಚ್‌ನಲ್ಲಿ ಅದು ಮರಳುವ ಹೊತ್ತಿಗೆ ನಮ್ಮ ಸುಮಾರು 1,200 ಸೈನಿಕರು ಸತ್ತಿದ್ದರು. ಆಗಲೂ ನಿಷೇಧ ಇಲ್ಲ. 1990ರ ಜೂನ್‌ನಲ್ಲಿ ಚೆನ್ನೈನ ಕೋಡಂಬಾಕ್ಕಂನಲ್ಲಿ ಎದುರಾಳಿ ತಮಿಳು ಗುಂಪು ಇಪಿಆರ್‌ಎಲ್‌ಎಫ್ ನಾಯಕ ಪದ್ಮನಾಭ ಮತ್ತು ಸಂಗಡಿಗರನ್ನು ಕೊಂದರು. ಆಗಲೂ ಇಲ್ಲ. 1991ರ ಜನವರಿ ಕೊನೆಗೆ ತಮಿಳುನಾಡಿನ ಕರುಣಾನಿಧಿ ಸರ್ಕಾರವನ್ನು ಕೇಂದ್ರ ವಜಾ ಮಾಡಿತು. ಆ ಶಿಫಾರಸಿಗೆ ರಾಜ್ಯಪಾಲ ಸುರ್ಜಿತ್ ಸಿಂಗ್ ಬರ್ನಾಲ ಸಹಿ ಹಾಕಲು ಒಪ್ಪಿರಲಿಲ್ಲ. ಕೊಟ್ಟ ದೊಡ್ಡ ಕಾರಣ, ಆ ಸರ್ಕಾರ ಎಲ್‌ಟಿಟಿಇಯನ್ನು ಬೆಳೆಯಲು ಬಿಟ್ಟಿತು ಎಂಬುದು. ಒಂದು ಸಂಘಟನೆಗೆ ಸಲುಗೆ ಕೊಟ್ಟಿತೆಂದು ಚುನಾಯಿತ ಸರ್ಕಾರವನ್ನೇ ಕೆಳಗಿಳಿಸಿದರು. ಆ ಸಂಘಟನೆ ಮಾತ್ರ ಕಾನೂನಿನ ಕಣ್ಣಲ್ಲಿ ಇನ್ನೂ ನಿಷಿದ್ಧವಲ್ಲ! 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಮತ್ತು ಅವರೊಂದಿಗೆ ಹತ್ತಕ್ಕೂ ಹೆಚ್ಚು ಮಂದಿ, ಪೊಲೀಸರು, ಕಾರ್ಯಕರ್ತರು ಸತ್ತರು. ನಿಷೇಧದ ಆದೇಶ ಬಂದದ್ದು 1992ರ ಮೇ 14ರಂದು. ಮೊದಲ ಪುಣ್ಯತಿಥಿಗೆ ಒಂದು ವಾರ ಇತ್ತು.

ತಡವಾಯಿತು ಎಂಬುದಕ್ಕಿಂತ ದೊಡ್ಡ ದೋಷ ಅದರ ವಾದದಲ್ಲಿದೆ. ನಿಷೇಧಕ್ಕೆ ಬಳಸಿದ್ದು 1967ರ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, ನಮ್ಮ ಪತ್ರಿಕೆಗಳ ಯುಎಪಿಎ. ಭಾರತದ ಭೂಭಾಗವನ್ನು ಒಡೆಯಲು ಹೊರಟವರಿಗಾಗಿ ಮಾಡಿದ ಕಾಯ್ದೆ ಅದು. ಪರದೇಶದ ನೆಲಕ್ಕಾಗಿ ಪರದೇಶದ ಸರ್ಕಾರದೊಂದಿಗೆ ಕಾದಾಡುವ ಗುಂಪನ್ನು ಇದರೊಳಗೆ ತರುವುದು ಹೇಗೆ? ಅಧಿಸೂಚನೆ ಕಂಡುಕೊಂಡ ದಾರಿ ಇದು: ಈಳಂ ಎಂಬುದು ತಮಿಳರೆಲ್ಲರ ತಾಯ್ನಾಡಿನ ಕಲ್ಪನೆ, ಆದ್ದರಿಂದ ಅದು ಭಾರತದ ಅಖಂಡತೆಗೆ ಧಕ್ಕೆ, ಭಾರತದ ನೆಲವನ್ನು ಬೇರ್ಪಡಿಸುವುದಕ್ಕೆ ಸಮ. ಎಲ್‌ಟಿಟಿಇ ಕೇಳುತ್ತಿದ್ದ ಈಳಂ ಶ್ರೀಲಂಕಾದ ಉತ್ತರ ಮತ್ತು ಪೂರ್ವ ಪ್ರಾಂತ್ಯಗಳದ್ದು. ಅದರ ನಕ್ಷೆಯಲ್ಲಿ ತಮಿಳುನಾಡು ಇರಲಿಲ್ಲ. ನಮ್ಮ ಮಾಜಿ ಪ್ರಧಾನಿಯನ್ನು ನಮ್ಮ ನೆಲದಲ್ಲಿ ಕೊಂದರು ಎಂಬ ಕಣ್ಣೆದುರಿನ ಸತ್ಯವೇ ಸಾಕಾಗಿತ್ತು. ಆ ಸತ್ಯವನ್ನು ಕಾಯ್ದೆಯ ಅಳತೆಗೆ ಹೊಂದಿಸಲು ಇನ್ನೊಂದು ಅನುಮಾನವನ್ನು ಹೊಲಿಯಬೇಕಾಯಿತು. ಹೊಲಿಗೆ ಬಿದ್ದದ್ದು ಕೋಟ್ಯಂತರ ತಮಿಳು ಭಾರತೀಯರ ಮೈಮೇಲೆ. ಈಳಂ ತಮಿಳರ ಬಗ್ಗೆ ಕನಿಕರದ ಮಾತಾಡಿದವನ ಎದೆಯಲ್ಲಿ ಪ್ರತ್ಯೇಕತೆ ಇರಬಹುದು ಎಂಬ ಗುಮಾನಿ ಸರ್ಕಾರದ ಕಾಗದದಲ್ಲಿ ಅಧಿಕೃತವಾಯಿತು.

ನ್ಯಾಯಾಲಯ ಏನು ಹೇಳಿತು ಎಂಬುದೂ ಇಲ್ಲಿ ಮುಖ್ಯ. ರಾಜೀವ್ ಹತ್ಯೆಯ ಮೊಕದ್ದಮೆಯಲ್ಲಿ ವಿಚಾರಣಾ ನ್ಯಾಯಾಲಯ 1998ರ ಜನವರಿಯಲ್ಲಿ 26 ಮಂದಿಗೂ ಗಲ್ಲು ವಿಧಿಸಿತ್ತು. 1999ರ ಮೇ 11ರಂದು ಸುಪ್ರೀಂ ಕೋರ್ಟ್ 19 ಮಂದಿಯನ್ನು ಬಿಡುಗಡೆ ಮಾಡಿತು. ಅದೇ ತೀರ್ಪಿನಲ್ಲಿ, ಈ ಹತ್ಯೆ ಕೊಲೆ ಮತ್ತು ಕೊಲೆಯ ಒಳಸಂಚು, ಟಾಡಾ ಕಾಯ್ದೆಯ ಅರ್ಥದಲ್ಲಿ ಭಯೋತ್ಪಾದಕ ಕೃತ್ಯವಲ್ಲ ಎಂದಿತು. ಯಾವ ಕೃತ್ಯಕ್ಕಾಗಿ ಸಂಘಟನೆಯನ್ನು ನಿಷೇಧಿಸಿದರೋ ಅದನ್ನೇ ದೇಶದ ಅತ್ಯುಚ್ಚ ನ್ಯಾಯಾಲಯ ಆ ಶಬ್ದದಿಂದ ಕರೆಯಲು ಒಪ್ಪಲಿಲ್ಲ. ನ್ಯಾಯಾಧೀಶರು ಶಬ್ದವನ್ನು ಕೃತ್ಯದ ಪಕ್ಕ ಇಟ್ಟು, ಸಾಕ್ಷ್ಯದ ಜೊತೆ ತೂಗಿ ನೋಡಿದರು. ಅಧಿಸೂಚನೆ ಬರೆಯುವ ಅಧಿಕಾರಿಗೆ ಆ ತೂಗುವ ಕೆಲಸವೇ ಇಲ್ಲ.

ಯುಎಪಿಎಯಲ್ಲಿ ಎರಡು ಬಾಗಿಲುಗಳಿವೆ ಎಂಬುದನ್ನು ಓದುಗರು ಗಮನಿಸಬೇಕು. ‘ಕಾನೂನುಬಾಹಿರ ಸಂಘಟನೆ’ ಎಂದು ಸಾರಿದರೆ ಆರು ತಿಂಗಳೊಳಗೆ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ನ್ಯಾಯಮಂಡಳಿ ಅದನ್ನು ಪರಿಶೀಲಿಸಿ ಒಪ್ಪಬೇಕು. 2004ರ ತಿದ್ದುಪಡಿಯ ನಂತರ ಬಂದ ಎರಡನೆಯ ಬಾಗಿಲು ‘ಭಯೋತ್ಪಾದಕ ಸಂಘಟನೆ’ಗಳ ಪಟ್ಟಿ. ಆ ಪಟ್ಟಿಗೆ ಸೇರಿಸಲು ನ್ಯಾಯಮಂಡಳಿ ಬೇಕಿಲ್ಲ, ಕೇಂದ್ರ ಸರ್ಕಾರ ನಂಬಿದರೆ ಸಾಕು. ಹೊರಬರಬೇಕಾದವರು ಅದೇ ಸರ್ಕಾರಕ್ಕೆ ಅರ್ಜಿ ಕೊಡಬೇಕು, ಅದು ತಿರಸ್ಕರಿಸಿದರೆ ಅದೇ ಸರ್ಕಾರ ನೇಮಿಸಿದ ಪರಿಶೀಲನಾ ಸಮಿತಿಯ ಮುಂದೆ ಹೋಗಬೇಕು. ಎಲ್‌ಟಿಟಿಇ ಎರಡು ಕಡೆಯೂ ಇದೆ. ಮೊದಲ ಬಾಗಿಲಲ್ಲಿ ನಡೆಯುವ ವಿಚಾರಣೆಗೂ ಎದುರುಪಕ್ಷ ಇರುವುದಿಲ್ಲ: ಸಂಘಟನೆಯ ಸದಸ್ಯನೆಂದು ಯಾರಾದರೂ ಎದ್ದುನಿಂತರೆ ಅದೇ ಅಪರಾಧದ ಒಪ್ಪಿಗೆ, ಸದಸ್ಯನಲ್ಲ ಎಂದರೆ ವಾದಿಸುವ ಹಕ್ಕಿಲ್ಲ. ತಮಿಳುನಾಡಿನ ಎಂಡಿಎಂಕೆ ಪಕ್ಷದ ವೈಕೊ ಹಲವು ಬಾರಿ ಹೋಗಿ ನಿಂತರು. ಪಕ್ಷಕಾರರಾಗಿ ಅವರನ್ನು ಸೇರಿಸಿಕೊಳ್ಳಲಿಲ್ಲ. ಒಂದೇ ಕಡೆಯವರ ಮಾತು ಕೇಳಿ ಕೊಟ್ಟ ತೀರ್ಪು ಎಷ್ಟೇ ಸರಿಯಿದ್ದರೂ ಅದಕ್ಕೆ ತೀರ್ಪಿನ ತೂಕ ಬರುವುದಿಲ್ಲ.

ವೈಕೊ ಅವರ ರಾಜಕೀಯ ನನಗೆ ಒಪ್ಪಿಗೆಯಿಲ್ಲ. ಎಲ್‌ಟಿಟಿಇ ನಾಯಕ ಪ್ರಭಾಕರನ್ ಬಗ್ಗೆ ಅವರಾಡಿದ ಮಾತುಗಳನ್ನು ಕಾತ್ತಾನ್‌ಕುಡಿಯ ವಿಧವೆಯರ ಮುಂದೆ ಆಡಲು ಬಾಯಿ ಬರದು. ಆದರೂ 2002ರ ಜುಲೈಯಲ್ಲಿ ನಡೆದದ್ದು ಅನ್ಯಾಯ. ಮದುರೆ ಬಳಿಯ ತಿರುಮಂಗಲದಲ್ಲಿ ಮಾಡಿದ ಒಂದು ಭಾಷಣಕ್ಕಾಗಿ ಈ ಸಂಸದರನ್ನು ಭಯೋತ್ಪಾದನೆ ತಡೆಯ ಪೋಟಾ ಕಾಯ್ದೆಯಡಿ ಹಿಡಿದು ವೆಲ್ಲೂರು ಜೈಲಿನಲ್ಲಿ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಇಟ್ಟರು. ಪೋಟಾ ತಂದ ಆಡಳಿತ ಮೈತ್ರಿಕೂಟದಲ್ಲಿ ಅವರ ಪಕ್ಷವೂ ಇತ್ತು. 2003ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ನಿಷೇಧಿತ ಸಂಘಟನೆಗೆ ಬರೀ ನೈತಿಕ ಬೆಂಬಲ ಸೂಚಿಸುವುದು, ಭಯೋತ್ಪಾದನೆಗೆ ಕುಮ್ಮಕ್ಕು ಕೊಡುವ ಉದ್ದೇಶವಿಲ್ಲದಿದ್ದರೆ, ಅಪರಾಧವಾಗದು ಎಂದು ಸ್ಪಷ್ಟಪಡಿಸಿತು.

ಅದೇ 2002ರಲ್ಲಿ ಕೊಲಂಬೊದಲ್ಲಿ ಏನಾಗುತ್ತಿತ್ತು? ಈ ಇಡೀ ಕಥೆಯಲ್ಲಿ ನನಗೆ ಅತಿ ಮುಖ್ಯವೆನಿಸುವ ಭಾಗ ಇದು, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಎಲ್‌ಟಿಟಿಇ ಕೈಯಲ್ಲಿ ಎಲ್ಲರಿಗಿಂತ ಹೆಚ್ಚು ರಕ್ತ ಚೆಲ್ಲಿದ ದೇಶ ಶ್ರೀಲಂಕಾ. ಕ್ಯಾಂಡಿಯ ದಂತಧಾತು ಮಂದಿರದ ಮೇಲೆ 1998ರ ಜನವರಿಯಲ್ಲಿ ಬಾಂಬ್ ದಾಳಿಯಾದ ಮೇಲೆ ಅದೂ ಆ ಗುಂಪನ್ನು ನಿಷೇಧಿಸಿತ್ತು. ಬೌದ್ಧರಿಗೆ ಅದಕ್ಕಿಂತ ಪವಿತ್ರವಾದ ಜಾಗ ಆ ದ್ವೀಪದಲ್ಲಿಲ್ಲ. ಅಂಥ ದೇಶ 2002ರ ಫೆಬ್ರುವರಿ 22ರಂದು ಕದನವಿರಾಮಕ್ಕೆ ಸಹಿ ಹಾಕಿತು, ಸೆಪ್ಟೆಂಬರ್ 4ರಂದು ನಿಷೇಧವನ್ನೂ ತೆಗೆಯಿತು. ಹನ್ನೆರಡೇ ದಿನಕ್ಕೆ ಥಾಯ್ಲೆಂಡಿನ ಸತ್ತಹಿಪ್‌ನಲ್ಲಿ ನಾರ್ವೆಯ ಮಧ್ಯಸ್ಥಿಕೆಯಲ್ಲಿ ಸಚಿವ ಜಿ.ಎಲ್. ಪೀರಿಸ್ ಮತ್ತು ಹುಲಿಗಳ ಪರವಾಗಿ ಆಂಟನ್ ಬಾಲಸಿಂಗಂ ಎದುರುಬದುರು ಕೂತರು. ಕಾನೂನು ಹೊರಗಿಟ್ಟವನ ಜೊತೆ ಕಾನೂನಿನ ಸರ್ಕಾರ ಮಾತಾಡಲಾರದು, ಮಾತಾಡಬೇಕೆಂದರೆ ಹಣೆಪಟ್ಟಿ ತೆಗೆಯಬೇಕು ಎಂಬುದನ್ನು ಗಾಯಗೊಂಡ ದೇಶವೇ ಅರಿತಿತ್ತು.

ಉಳಿದವರು ಅರಿಯಲಿಲ್ಲ. ಅಮೆರಿಕ 1997ರ ಅಕ್ಟೋಬರ್ 8ರಂದು ವಿದೇಶಿ ಭಯೋತ್ಪಾದಕ ಸಂಘಟನೆಗಳ ತನ್ನ ಮೊದಲ ಪಟ್ಟಿ ಪ್ರಕಟಿಸಿದಾಗ ಅದರಲ್ಲಿದ್ದ 30 ಗುಂಪುಗಳಲ್ಲಿ ಎಲ್‌ಟಿಟಿಇಯೂ ಒಂದು. 2003ರ ಏಪ್ರಿಲ್‌ನಲ್ಲಿ ಶ್ರೀಲಂಕಾದ ಪುನರ್ನಿರ್ಮಾಣಕ್ಕೆ ನೆರವು ಕೊಡುವ ದೇಶಗಳ ಪೂರ್ವಸಿದ್ಧತಾ ಸಭೆಯನ್ನು ವಾಷಿಂಗ್ಟನ್ನಿನಲ್ಲಿ ಕರೆದರು. ಪಟ್ಟಿಯಲ್ಲಿದ್ದವರು ಅಮೆರಿಕದ ನೆಲಕ್ಕೆ ಕಾಲಿಡುವಂತಿಲ್ಲ. ಮಾತುಕತೆಯ ಮೇಜಿನ ಅರ್ಧವನ್ನು ಹೊರಗೇ ಬಿಟ್ಟು ಸಭೆ ನಡೆಯಿತು. ಏಪ್ರಿಲ್ 21ರಂದು ಎಲ್‌ಟಿಟಿಇ ಮಾತುಕತೆಯಿಂದ ಹೊರನಡೆಯಿತು, ಕೊಟ್ಟ ಕಾರಣಗಳಲ್ಲಿ ವಾಷಿಂಗ್ಟನ್ ಸಭೆ ಮುಂದಿತ್ತು. ನೆಪ ಹುಡುಕುತ್ತಿದ್ದವರಿಗೆ ನೆಪ ಸಿಕ್ಕಿತು ಎನ್ನಬಹುದು, ನಾನೂ ಬಹುಮಟ್ಟಿಗೆ ಹಾಗೇ ನಂಬುತ್ತೇನೆ. ಆದರೆ ಆ ನೆಪವನ್ನು ಅವರ ಕೈಗಿಡುವ ಅಗತ್ಯವೇನಿತ್ತು? ಸಭೆಯನ್ನು ಬೇರೊಂದು ನಗರದಲ್ಲಿ ಕರೆದಿದ್ದರೆ ಸಾಕಿತ್ತು.

2004ರ ಡಿಸೆಂಬರ್ 26ರ ಸುನಾಮಿ ಆ ದ್ವೀಪದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಒಯ್ದಿತು. ಹುಲಿಗಳ ಹಿಡಿತದಲ್ಲಿದ್ದ ಮುಲ್ಲೈತೀವು ಊರಿಗೆ ಊರೇ ಅಳಿಸಿಹೋಯಿತು. ಪರಿಹಾರವನ್ನು ಜಂಟಿಯಾಗಿ ಹಂಚಲು 2005ರ ಜೂನ್‌ನಲ್ಲಿ ಸರ್ಕಾರ ಮತ್ತು ಎಲ್‌ಟಿಟಿಇ ಒಂದು ವ್ಯವಸ್ಥೆಗೆ ಒಪ್ಪಿದವು. ಸಮುದ್ರ ಕಿತ್ತುಕೊಂಡದ್ದನ್ನು ಕಟ್ಟಲು ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಿದರು ಎಂಬುದೇ ದೊಡ್ಡದು. ತನ್ನ ಪಟ್ಟಿಯಲ್ಲಿರುವ ಗುಂಪು ಪಾಲುದಾರನಾದ ನಿಧಿಗೆ ನೇರವಾಗಿ ಹಣ ಕೊಡಲಾಗದು ಎಂದು ಅಮೆರಿಕ ಹೇಳಿತು. ಜುಲೈನಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟ್ ಆ ವ್ಯವಸ್ಥೆಯ ಮುಖ್ಯ ಭಾಗಗಳಿಗೆ ತಡೆ ಕೊಟ್ಟಿತು. ಆಗಸ್ಟ್ 12ರಂದು ವಿದೇಶಾಂಗ ಸಚಿವ ಲಕ್ಷ್ಮಣ್ ಕದಿರಗಾಮರ್ ಅವರನ್ನು ಅವರ ಮನೆಯ ಈಜುಕೊಳದ ಬಳಿ ಗುಂಡಿಟ್ಟು ಕೊಂದರು. ತಮಿಳರಾಗಿದ್ದೂ ಎಲ್‌ಟಿಟಿಇ ಮೇಲೆ ನಿಷೇಧ ಹೇರಿಸಲು ದೇಶದೇಶ ಅಲೆದವರು ಅವರು. ಈ ಕೊಲೆಯ ನಂತರ ಹುಲಿಗಳ ಮೇಲೆ ಯಾರಿಗೂ ಕನಿಕರ ಉಳಿಯುವ ಹಾಗಿರಲಿಲ್ಲ.

2006ರ ಮೇ ಕೊನೆಗೆ ಐರೋಪ್ಯ ಒಕ್ಕೂಟವೂ ಎಲ್‌ಟಿಟಿಇಯನ್ನು ಪಟ್ಟಿಗೆ ಸೇರಿಸಿತು. ಕದನವಿರಾಮದ ಮೇಲೆ ಕಣ್ಣಿಟ್ಟಿದ್ದ ನಿಗಾ ತಂಡದಲ್ಲಿ ನಾರ್ವೆ, ಐಸ್‌ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳವರಿದ್ದರು. ಕೊನೆಯ ಮೂರು ಒಕ್ಕೂಟದ ಸದಸ್ಯ ದೇಶಗಳು. ನಮ್ಮನ್ನು ಭಯೋತ್ಪಾದಕರೆಂದವರು ತಟಸ್ಥರಲ್ಲ, ಸೆಪ್ಟೆಂಬರ್ 1ರೊಳಗೆ ಹೊರಡಲಿ ಎಂದು ಹುಲಿಗಳು ಗಡುವು ಕೊಟ್ಟರು. ತಂಡದ ಮುಖ್ಯಸ್ಥ, ಸ್ವೀಡನ್ನಿನ ಉಲ್ಫ್ ಹೆನ್ರಿಕ್ಸನ್ ಈ ನಿಷೇಧ ತಪ್ಪೆಂದು ಬಹಿರಂಗವಾಗಿಯೇ ಹೇಳಿದ್ದರು. ಅರ್ಧಕ್ಕೂ ಹೆಚ್ಚು ವೀಕ್ಷಕರು ಗಂಟುಮೂಟೆ ಕಟ್ಟಿದರು. ಯುದ್ಧ ಮತ್ತೆ ಹೊತ್ತಿಕೊಂಡ ಹೊತ್ತಿಗೆ ಅಲ್ಲಿ ನಿಂತು ಬರೆದುಕೊಳ್ಳುವವರು ಬೆರಳೆಣಿಕೆಯಷ್ಟು. ನಾಗರಿಕರಿಗೆ ಸಾಕ್ಷಿ ಹೆಚ್ಚು ಬೇಕಾಗಿದ್ದ ಕಾಲದಲ್ಲೇ ಸಾಕ್ಷಿ ಕಮ್ಮಿಯಾಯಿತು.

ನಿಷೇಧದ ಪರವಾಗಿ ಹೇಳಬೇಕಾದದ್ದನ್ನು ಹೇಳದಿದ್ದರೆ ನಾನೂ ಒಂದೇ ಕಡೆ ಕೇಳಿದವನಾಗುತ್ತೇನೆ. ಟೊರಾಂಟೊ, ಲಂಡನ್‌ಗಳ ತಮಿಳು ಕುಟುಂಬಗಳಿಂದ ‘ಕೊನೆಯ ಯುದ್ಧ’ಕ್ಕೆಂದು ಹುಲಿಗಳು ಹೇಗೆ ಬೆದರಿಸಿ ವಸೂಲಿ ಮಾಡುತ್ತಿದ್ದರು ಎಂಬುದನ್ನು ಹ್ಯೂಮನ್ ರೈಟ್ಸ್ ವಾಚ್ 2006ರ ಮಾರ್ಚ್‌ನಲ್ಲಿ ದಾಖಲಿಸಿತು. ರಾತ್ರಿ ಬಾಗಿಲು ತಟ್ಟಿ, ನಿಮ್ಮ ಊರಿನಲ್ಲಿರುವ ತಾಯಿಯನ್ನು ನೋಡಲು ಹೋಗಬೇಕಲ್ಲ ಎಂಬ ಮಾತನ್ನು ಮೆಲ್ಲಗೆ ಕೇಳಿಸಿ ದುಡ್ಡು ಕೇಳುವ ಪರಿ ಅದು. ಮುಂದಿನ ತಿಂಗಳೇ ಕೆನಡಾ ನಿಷೇಧ ಹೇರಿತು. ಅಂಥ ಒಬ್ಬ ಅಂಗಡಿಯವನಿಗೆ ‘ಕೊಟ್ಟರೆ ನನ್ನನ್ನು ಜೈಲಿಗೆ ಹಾಕುತ್ತಾರೆ ಅಣ್ಣಾ’ ಎಂದು ಹೇಳಲು ನಿಷೇಧ ಒಂದು ಆಸರೆ ಕೊಟ್ಟಿತು. ಬಂದೂಕಿಗೆ ಹೋಗುವ ಹಣದ ಕೊಳವೆ ಮುಚ್ಚುವುದೇ ನಿಷೇಧದ ಸರಿಯಾದ ಕೆಲಸ, ಅದನ್ನು ಮಾಡಿದಷ್ಟು ಮಟ್ಟಿಗೆ ಅದು ಸಾರ್ಥಕ.

ಆದರೆ ಹಣದ ಜೊತೆಗೆ ಮಾತನ್ನೂ ಮುಚ್ಚಿದರು. ಅಮೆರಿಕದ ಹ್ಯೂಮ್ಯಾನಿಟೇರಿಯನ್ ಲಾ ಪ್ರಾಜೆಕ್ಟ್ ಎಂಬ ಸಂಸ್ಥೆ, ಕುರ್ದ್ ಪಿಕೆಕೆಯವರಿಗೆ ಹಾಗೂ ಶ್ರೀಲಂಕಾ ತಮಿಳರ ಪರವಾಗಿ ಕೆಲಸ ಮಾಡುವವರು ಎಲ್‌ಟಿಟಿಇಗೆ, ಬಂದೂಕು ಬಿಟ್ಟು ವಿಶ್ವಸಂಸ್ಥೆಗೆ ಅರ್ಜಿ ಬರೆಯುವುದು ಹೇಗೆ, ಶಾಂತಿಯ ಕರಾರು ಮಾಡಿಕೊಳ್ಳುವುದು ಹೇಗೆ, ಸುನಾಮಿ ಪರಿಹಾರ ಕೇಳುವುದು ಹೇಗೆ ಎಂದು ಕಲಿಸಲು ಬಯಸಿದ್ದರು. ಇದು ಅಪರಾಧವೇ ಎಂಬ ಪ್ರಶ್ನೆ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. 2010ರ ಜೂನ್ 21ರಂದು ಆರು ನ್ಯಾಯಮೂರ್ತಿಗಳು ಹೌದೆಂದರು, ಮೂವರು ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರ ತರ್ಕ, ಇಂಥ ಪಾಠವೂ ಆ ಗುಂಪಿಗೆ ಮಾನ್ಯತೆ ತರುತ್ತದೆ, ಅವರ ಸಂಪನ್ಮೂಲವನ್ನು ಹಿಂಸೆಗೆ ಬಿಡುವು ಮಾಡಿಕೊಡುತ್ತದೆ ಎಂಬುದು. ನ್ಯಾಯಮೂರ್ತಿ ಬ್ರೇಯರ್ ಭಿನ್ನಮತ ಬರೆದರು. ಬಂದೂಕು ಕೆಳಗಿಡುವುದನ್ನು ಕಲಿಸುವವನನ್ನೂ ಬಂದೂಕು ಕೊಡುವವನನ್ನೂ ಒಂದೇ ಕಲಮಿನಡಿ ತರುವ ಕಾನೂನನ್ನು ನಾನು ಕೆಟ್ಟ ಕಾನೂನು ಎಂದೇ ಕರೆಯುತ್ತೇನೆ. ತೀರ್ಪು ಬರುವಷ್ಟರಲ್ಲಿ ಎಲ್‌ಟಿಟಿಇ ಅಳಿದು ಒಂದು ವರ್ಷ ದಾಟಿತ್ತು. ಅದೇ ಅಮೆರಿಕ ಅಫ್ಗಾನಿಸ್ತಾನದ ತಾಲಿಬಾನನ್ನು ಈ ವಿದೇಶಿ ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿಸಲೇ ಇಲ್ಲ, 2020ರಲ್ಲಿ ದೋಹಾದಲ್ಲಿ ಅದರ ಜೊತೆ ಕೂತು ಸಹಿ ಹಾಕಿತು. ಕೊಲಂಬಿಯಾದ ಫಾರ್ಕ್ ಗುಂಪು ಶಸ್ತ್ರ ಕೆಳಗಿಟ್ಟ ಮೇಲೆ, 2021ರ ನವೆಂಬರ್‌ನಲ್ಲಿ ಅದರ ಹೆಸರನ್ನು ತೆಗೆಯಿತು. ಅಂದರೆ ಬಾಗಿಲು ತೆರೆಯಲು ಬರುತ್ತದೆ. ತೆರೆಯಬೇಕೆನಿಸಬೇಕು, ಅಷ್ಟೆ.

ಯುರೋಪಿನಲ್ಲಿ ಕೊನೆಗೂ ನ್ಯಾಯಾಲಯ ಆಧಾರ ಕೇಳಿತು. 2014ರ ಅಕ್ಟೋಬರ್‌ನಲ್ಲಿ ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ಒಕ್ಕೂಟದ ಜನರಲ್ ಕೋರ್ಟ್ ಎಲ್‌ಟಿಟಿಇಯನ್ನು ಪಟ್ಟಿಯಲ್ಲಿ ಮುಂದುವರಿಸಿದ ಕ್ರಮವನ್ನು ರದ್ದುಮಾಡಿತು. 2017ರ ಜುಲೈನಲ್ಲಿ ಮೇಲಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಸಂಘಟನೆ ಒಳ್ಳೆಯದೆಂದು ಕೋರ್ಟ್ ಹೇಳಲಿಲ್ಲ, ಆ ಮಾತನ್ನು ಸ್ಪಷ್ಟವಾಗಿಯೇ ದೂರವಿಟ್ಟಿತು. ಅದರ ಆಕ್ಷೇಪ ಇದ್ದದ್ದು ಪತ್ರಿಕಾ ವರದಿ, ಅಂತರ್ಜಾಲದ ಸುದ್ದಿಯ ಮೇಲೆ ಪಟ್ಟಿ ಕಟ್ಟಿದ್ದಕ್ಕೆ. ಭಾರತೀಯರಾದ ನಾವು ಓದಬೇಕಾದ ಒಂದು ಭಾಗ ಅದರಲ್ಲಿದೆ. ಒಕ್ಕೂಟ ತನ್ನ ನಿರ್ಧಾರಕ್ಕೆ ಭಾರತದ ನಿಷೇಧವನ್ನೂ ಆಧಾರವಾಗಿ ಹಿಡಿದಿತ್ತು. ಭಾರತದ ಆ ಪ್ರಕ್ರಿಯೆಯಲ್ಲಿ ಎದುರುಪಕ್ಷದ ವಾದಕ್ಕೆ ಸಮನಾದ ರಕ್ಷಣೆ ಇದೆಯೇ ಎಂದು ನೀವು ಪರಿಶೀಲಿಸಿದಿರಾ ಎಂದು ಕೋರ್ಟ್ ಕೇಳಿತು. ಪರಿಶೀಲಿಸಿರಲಿಲ್ಲ. ನಮ್ಮ ಸಂಸತ್ತಿನಲ್ಲಿ, ನಮ್ಮ ಸಂಪಾದಕೀಯಗಳಲ್ಲಿ ಏಳಬೇಕಾಗಿದ್ದ ಪ್ರಶ್ನೆ ಲಕ್ಸೆಂಬರ್ಗ್‌ನಲ್ಲಿ ಎದ್ದದ್ದು ನನಗೆ ನೋವಿನ ಸಂಗತಿ.

2009ರ ಮೇಯಲ್ಲಿ ಮುಳ್ಳಿವಾಯ್ಕಾಲ್‌ನ ಮರಳು ಪಟ್ಟಿಯಲ್ಲಿ, ನಂದಿಕ್ಕಡಲ್ ಹಿನ್ನೀರಿನ ದಡದಲ್ಲಿ ಪ್ರಭಾಕರನ್ ಸತ್ತ, ಸಂಘಟನೆಯೂ ಮುಗಿಯಿತು. ಅಲ್ಲಿ ಲಕ್ಷಾಂತರ ನಾಗರಿಕರು ಸಿಕ್ಕಿಬಿದ್ದಿದ್ದರು. ಹುಲಿಗಳು ಅವರನ್ನು ಗುರಾಣಿಯಾಗಿ ಹಿಡಿದಿಟ್ಟರು, ಓಡಲು ಹೋದವರಿಗೆ ಗುಂಡಿಟ್ಟರು. ಸೇನೆ ತಾನೇ ಸುರಕ್ಷಿತ ವಲಯವೆಂದು ಸಾರಿದ ಜಾಗಕ್ಕೂ, ಆಸ್ಪತ್ರೆಗಳಿಗೂ ಷೆಲ್ ಹಾಕಿತು. ನಲವತ್ತು ಸಾವಿರದವರೆಗೆ ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಭಯೋತ್ಪಾದನೆಯ ವಿರುದ್ಧದ ಯುದ್ಧ ಎಂಬ ಒಂದು ಮಾತಿನ ಮರೆಯಲ್ಲಿ ಜಗತ್ತು ಆ ತಿಂಗಳುಗಳಲ್ಲಿ ಬೇರೆ ಕಡೆ ನೋಡಿತು. ಹಣೆಪಟ್ಟಿ ಹಚ್ಚಿದ್ದು ಗುಂಪಿಗೆ, ಆದರೆ ಆ ಗುಂಪಿನ ಹಿಡಿತದಲ್ಲಿದ್ದ ಹಸುಗೂಸಿಗೂ ಅದು ಅಂಟಿತು.

ಅಳಿದ ಸಂಘಟನೆಯ ಮೇಲಿನ ನಿಷೇಧ ನಮ್ಮಲ್ಲಿ ಉಳಿಯಿತು. ಎರಡೆರಡು ವರ್ಷಕ್ಕೆ ನವೀಕರಣವಾಗುತ್ತಿದ್ದದ್ದು 2014ರಿಂದ ಐದು ವರ್ಷದ ಅವಧಿಗೆ ಹಿಗ್ಗಿತು. 2009ರ ನಂತರದ ಅಧಿಸೂಚನೆಗಳನ್ನು ಓದಿದರೆ ವಾದ ಹೇಗೆ ತೆಳುವಾಗುತ್ತ ಬಂತೆಂದು ಕಾಣುತ್ತದೆ. ಬೇರೆ ದೇಶಗಳಲ್ಲಿರುವ ತಮಿಳರು ಅಂತರ್ಜಾಲದಲ್ಲಿ ಲೇಖನ ಬರೆದು, ಎಲ್‌ಟಿಟಿಇ ಸೋಲಿಗೆ ಭಾರತದ ನಾಯಕರೂ ಅಧಿಕಾರಿಗಳೂ ಹೊಣೆ ಎನ್ನುತ್ತಿದ್ದಾರೆ, ಇದರಿಂದ ಗಣ್ಯರ ಭದ್ರತೆಗೆ ಅಪಾಯ ಎಂಬುದು ಈಗ ಒಂದು ಕಾರಣ. ಸರ್ಕಾರವನ್ನು ದೂಷಿಸಿ ಲೇಖನ ಬರೆಯುವುದು ನಿಷೇಧಕ್ಕೆ ಕಾರಣವಾಗುವುದಾದರೆ ಪತ್ರಿಕೆಗೆ ಬರೆಯುವ ನಮ್ಮಂಥವರೆಲ್ಲ ಎಚ್ಚರವಾಗಬೇಕು.

ಕೆಲವು ವರ್ಷಗಳ ಹಿಂದೆ ಸುಳ್ಯದ ಕಡೆ ಹೋಗಿದ್ದೆ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದ ಟೀ ತೋಟಗಳಿಂದ ಮರಳಿದ ಭಾರತ ಮೂಲದ ತಮಿಳರಿಗೆ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆ ಸಿಕ್ಕಿತು. ಬೆಳಗಿನ ಟ್ಯಾಪಿಂಗ್ ಮುಗಿಸಿ, ಬಕೆಟ್ಟಿನಲ್ಲಿ ರಬ್ಬರ್ ಹಾಲು ಹೊತ್ತು ಬರುತ್ತಿದ್ದ ಹಿರಿಯ ಹೆಂಗಸೊಬ್ಬರು ಬಕೆಟ್ ಕೆಳಗಿಟ್ಟು ಮಾತಿಗೆ ನಿಂತರು. ಬೆರಳುಗಳ ಮೇಲೆ ಹಾಲು ಒಣಗಿ ಬಿಳಿ ಪೊರೆಯಾಗಿತ್ತು, ಮಾತಾಡುತ್ತಲೇ ಅದನ್ನು ಉಜ್ಜಿ ತೆಗೆಯುತ್ತಿದ್ದರು. ‘ಅಮ್ಮಾ, ರಾಜೀವ್ ಗಾಂಧಿ ಹೋದಾಗ ಇಲ್ಲಿ ಹೇಗಿತ್ತು?’ ಎಂದು ಕೇಳಿದೆ. ‘ಸಿಲೋನಿನವರು ಅಂತ ನಮ್ಮನ್ನು ಕೇಳಿದ್ರು ಸಾರ್. ಯಾರು ಬಂದಿದ್ದಾರೆ, ಎಷ್ಟು ಜನ ಅಂತ. ನಾವು ಟೀ ತೋಟದವರು, ಯಾಳ್ಪಾಣ (ಜಾಫ್ನಾ) ನಾವು ನೋಡಿದ್ದೇ ಇಲ್ಲ. ಆಮೇಲೆ ಸುಮಾರು ವರ್ಷ ನಾನು ಪೇಟೆಗೆ ಹೋದ್ರೆ ತಮಿಳು ಮಾತಾಡ್ತಾ ಇರ್ಲಿಲ್ಲ.’ ಎಲ್‌ಟಿಟಿಇಯ ಬಂದೂಕನ್ನು ಅವರು ಕಂಡವರಲ್ಲ. ಸ್ವಂತ ದೇಶಕ್ಕೆ ಕಾಯ್ದೆಬದ್ಧವಾಗಿ ಬಂದ ಪ್ರಜೆ, ಸಂತೆಯಲ್ಲಿ ತಾಯ್ನುಡಿಯನ್ನು ನುಂಗಿಕೊಂಡು ಬದುಕಿದರು.

ಈ ಆದೇಶದ ಬಗ್ಗೆ ನನ್ನ ತೀರ್ಮಾನ ಇಷ್ಟು: ಹೆಸರು ಸರಿಯಿದೆ, ಅದನ್ನು ಹಚ್ಚಿದ ಕಾರಣ ಅರ್ಧ, ಹಚ್ಚಿದ ರೀತಿ ತಪ್ಪು. 2024ರ ಮೇ 14ರಂದು ನಿಷೇಧವನ್ನು ಮತ್ತೆ ಐದು ವರ್ಷ ಮುಂದುವರಿಸಿದ್ದಾರೆ. 2029ರಲ್ಲಿ ಅದು ಇನ್ನೊಬ್ಬ ನ್ಯಾಯಮೂರ್ತಿಯ ಮೇಜಿಗೆ ಬರುತ್ತದೆ. ಅಂದು ಆ ವಿಚಾರಣೆಯಲ್ಲಿ ಪೊಲೀಸ್ ಅಧಿಕಾರಿಗಳ ಪ್ರಮಾಣಪತ್ರಗಳ ಜೊತೆಗೆ ಇನ್ನಿಬ್ಬರ ಮಾತನ್ನೂ ಕೇಳಲಿ ಎಂದು ನಾನು ಕೇಳಿಕೊಳ್ಳುತ್ತೇನೆ: ಕಾತ್ತಾನ್‌ಕುಡಿಯ ಮಸೀದಿಯಲ್ಲಿ ತಂದೆಯನ್ನು ಕಳೆದುಕೊಂಡ ಒಬ್ಬರು, ಸುಳ್ಯದ ರಬ್ಬರ್ ತೋಟದ ಒಬ್ಬರು.